ಒಂದು ಪುಟ ಓದಿ ತೋರಿಸಿ, ಸಾಕು

ಓದುವ ಅಭ್ಯಾಸ ಇರುವವರನ್ನು ಕಂಡರೆ ಎಲ್ಲರೂ ಕೇಳುವುದು ಒಂದೇ ಮಾತು. "ಯಾವ್ದಾದ್ರೂ ಒಳ್ಳೆ ಪುಸ್ತಕ ಇದ್ರೆ ಹೇಳಿ." ನಾವೂ ಖುಷಿಯಿಂದ ಉದ್ದಕ್ಕೆ ಹೆಸರುಗಳನ್ನು ಹೇಳಿಬಿಡುತ್ತೇವೆ. ಕಾರಂತರದ್ದು ಇದು, ಕುವೆಂಪು ಅವರದ್ದು ಅದು, ಭೈರಪ್ಪನವರದ್ದು ಇನ್ನೊಂದು. ಅವರು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾರೆ. ಆರು ತಿಂಗಳು ಬಿಟ್ಟು ಸಿಕ್ಕಾಗ ಕೇಳಿದರೆ ಒಂದನ್ನೂ ತೆರೆದಿರುವುದಿಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ಸುಮ್ನೆ ಹೇಳಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಪಟ್ಟಿ ನೋಡಿ ಯಾರಿಗೂ ಓದುವ ಆಸೆ ಹುಟ್ಟುವುದಿಲ್ಲ, ಅಷ್ಟೇ.

ಮೈಸೂರಿನ ಕುವೆಂಪುನಗರದಲ್ಲಿ ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಪಾರ್ಕಿನಲ್ಲಿ ಸೇರುತ್ತೇವೆ. ವಾಕಿಂಗಿಗೆ ಬರುವವರೇ ಜಾಸ್ತಿ. ಒಬ್ಬರು ಕೆಎಸ್ಸಾರ್ಟಿಸಿಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು, ಒಬ್ಬರು ಹೈಸ್ಕೂಲು ಮೇಷ್ಟ್ರು, ಇಬ್ಬರು ಮೂವರು ಸಾಫ್ಟ್‌ವೇರ್ ಹುಡುಗ ಹುಡುಗಿಯರು, ಮನೆಯಲ್ಲೇ ಟೈಲರಿಂಗ್ ಮಾಡುವ ಅಕ್ಕ ಒಬ್ಬರು, ಮತ್ತೆ ಎಂಬತ್ತು ದಾಟಿದ ಅಜ್ಜಿ ಒಬ್ಬರು. ಶುರುವಾಗಿದ್ದು ತೀರಾ ಸರಳವಾಗಿ. ನಡೆಯುವಾಗ ಒಬ್ಬರ ಕೈಯಲ್ಲಿದ್ದ ಪುಸ್ತಕ ಇನ್ನೊಬ್ಬರು ಕೇಳಿದರು, ಅವರು ಓದಿ ಮೂರನೆಯವರಿಗೆ ಕೊಟ್ಟರು, ಎಲ್ಲರೂ ಒಂದು ಕಡೆ ಕೂತು ಕೊಡು-ತಗೋ ಮಾಡೋಣ ಅಂದುಕೊಂಡೆವು.

ಮೊದಮೊದಲು ಅದು ಭಾಷಣವಾಗಿತ್ತು. ಪುಸ್ತಕ ತಂದವರು ಲೇಖಕರ ಹುಟ್ಟೂರಿನಿಂದ ಶುರು ಮಾಡಿ, ಪ್ರಶಸ್ತಿಗಳನ್ನೆಲ್ಲ ಹೇಳಿ, ಕತೆಯನ್ನು ಕೊನೆಯವರೆಗೂ ಬಿಡಿಸಿ ಹೇಳುತ್ತಿದ್ದರು. ಕತೆ ಪೂರ್ತಿ ಗೊತ್ತಾದ ಮೇಲೆ ಓದುವುದು ಯಾಕೆ ಅಂತ ಜನ ಪುಸ್ತಕ ತೆಗೆದುಕೊಳ್ಳದೇ ಹೋಗುತ್ತಿದ್ದರು. ಇದನ್ನು ಬದಲಿಸಿದ್ದು ಆ ಅಜ್ಜಿ. ಅವರಿಗೆ ಕಣ್ಣು ಮಂಜು. ಒಂದು ದಿನ ನನ್ನ ಕೈ ಹಿಡಿದುಕೊಂಡು, "ಏನ್ ಕಣಮ್ಮಾ, ಎಲ್ಲಾರೂ ಪುಸ್ತಕದ ವಿಚಾರಾನೇ ಹೇಳ್ತೀರ, ಪುಸ್ತಕಾನ ಒಬ್ರೂ ಓದಲ್ವಲ್ಲ. ಒಂದ್ ಪುಟ ಓದು ನೋಡೋಣ, ನನ್ ಕೈಲಂತೂ ಆಗಲ್ಲ" ಅಂದರು. ಅವತ್ತು ಓದಿದೆವು. ಅವತ್ತಿನಿಂದ ಅದೇ ನಿಯಮ. ಪುಸ್ತಕ ಯಾಕೆ ಇಷ್ಟ ಅಂತ ಎರಡು ಮಾತು, ಆಮೇಲೆ ಒಂದು ಪುಟ ಗಟ್ಟಿಯಾಗಿ ಓದುವುದು. ಕತೆ ಹೇಳುವ ಹಾಗಿಲ್ಲ. ಪ್ರಶಸ್ತಿಯ ಮಾತು ಯಾರಾದರೂ ಕೇಳಿದರೆ ಮಾತ್ರ.

ಪುಟ ಆರಿಸುವುದೇ ದೊಡ್ಡ ಕೆಲಸ. ಮೊದಲ ಪುಟವೇ ಓದಬೇಕು ಅಂತ ಏನೂ ಇಲ್ಲ, ಎಷ್ಟೋ ಒಳ್ಳೆ ಕಾದಂಬರಿಗಳು ನಿಧಾನಕ್ಕೆ ಶುರುವಾಗುತ್ತವೆ. ಅರ್ಧದಲ್ಲಿ ನಿಂತಂತೆ ಅನ್ನಿಸುವ ಪುಟ ಬೇಕು, ಆದರೆ ಮುಂದಿನ ಗುಟ್ಟು ಬಿಡಬಾರದು. ತೇಜಸ್ವಿಯವರ 'ಕರ್ವಾಲೊ'ಗೆ ಮಾತ್ರ ಈ ತಲೆನೋವಿಲ್ಲ. ಮೊದಲಿಂದ ಹಿಡಿದರೂ ಆಗುತ್ತದೆ. ಜೇನು ಸೊಸೈಟಿ, ಜೇನುತುಪ್ಪ, ಮಂದಣ್ಣ ಅಂತ ಸಲೀಸಾಗಿ ಒಳಗೆ ಕರೆದುಕೊಂಡು ಹೋಗುತ್ತದೆ. 1980ರಲ್ಲಿ ಬಂದ ಪುಸ್ತಕ, ಇವತ್ತಿಗೂ ಕನ್ನಡ ಓದಿ ಎಷ್ಟೋ ವರ್ಷ ಆದವರಿಗೆ ನಾನು ಮೊದಲು ಕೊಡುವುದು ಅದನ್ನೇ. 'ಕಿವಿ' ಅನ್ನುವ ನಾಯಿ, ಬಿರಿಯಾನಿ ಕರಿಯಪ್ಪ, ಪ್ಯಾರ, ಇವರ ನಡುವೆ ಹಾರುವ ಓತಿಯ ಹುಡುಕಾಟ. ಓದುತ್ತಾ ನಗು ಬರುತ್ತಿರುತ್ತದೆ, ಮುಗಿಯುವ ಹೊತ್ತಿಗೆ ನಿಂತ ನೆಲವೇ ಎಷ್ಟು ಹಳೆಯದು ಅಂತ ಯೋಚನೆ ಹತ್ತಿರುತ್ತದೆ. ನಮ್ಮ ಮನೆಗೆ ವೈರಿಂಗ್ ಕೆಲಸಕ್ಕೆ ಬಂದಿದ್ದ ಹುಡುಗ ಮೇಜಿನ ಮೇಲಿದ್ದ ಪ್ರತಿ ತೆಗೆದು ಊಟದ ಹೊತ್ತಿನಲ್ಲಿ ಓದುತ್ತಾ ಕೂತವನು, "ಮೇಡಂ, ಇದನ್ನ ಎರಡು ದಿನ ತಗೊಂಡ್ ಹೋಗ್ಲಾ?" ಅಂದ. ಅವನು ಈಗ ನಮ್ಮ ಕೂಟಕ್ಕೆ ಬರುತ್ತಾನೆ. ತೇಜಸ್ವಿಯವರದ್ದು ಒಂದೂ ಬಿಟ್ಟಿಲ್ಲ.

ಗಟ್ಟಿಯಾಗಿ ಓದುವುದರಿಂದ ಏನಾಗುತ್ತದೆ ಅನ್ನುವುದು ನನಗೆ ಪೂರ್ತಿ ಗೊತ್ತಾಗಿದ್ದು ದೇವನೂರ ಮಹಾದೇವ ಅವರ 'ಒಡಲಾಳ'ದ ದಿನ. ಅದನ್ನು ಮೊದಲು ತಂದವರು ಮೇಷ್ಟ್ರು. ಭಾಷೆ ಕಷ್ಟ, ಸ್ವಲ್ಪ ತಾಳ್ಮೆ ಬೇಕು ಅಂತ ಮುನ್ನೆಚ್ಚರಿಕೆ ಕೊಟ್ಟೇ ಶುರು ಮಾಡಿದರು. ನಿಧಾನಕ್ಕೆ, ಪದ ಪದ ಬಿಡಿಸಿ, ಪಾಠದ ಧಾಟಿಯಲ್ಲಿ ಓದಿದರು. ಸಾಫ್ಟ್‌ವೇರ್ ಹುಡುಗರು ಮೊಬೈಲ್ ನೋಡಲು ಶುರು ಮಾಡಿದರು. ಆಗ ಕಂಡಕ್ಟರ್ ಸಾರ್, "ಮೇಷ್ಟ್ರೇ, ಒಂದ್ನಿಮಿಷ ಇಲ್ಲಿ ಕೊಡಿ" ಅಂತ ಪುಸ್ತಕ ಈಸಿಕೊಂಡರು. ಅವರು ಚಾಮರಾಜನಗರದ ಕಡೆಯವರು. ಮನೆಯವರೆಲ್ಲ ರಾತ್ರಿ ಒಟ್ಟಿಗೆ ಕೂತು ಕಡಲೆಕಾಯಿ ತಿನ್ನುವ ಭಾಗವನ್ನು ತೆರೆದರು. ಅವರು ಓದಲೇ ಇಲ್ಲ ಅನ್ನಬೇಕು, ಮಾತಾಡಿದರು. ಸಾಕವ್ವನ ಬೈಗುಳ ಅವರ ಬಾಯಲ್ಲಿ ಬೈಗುಳವಾಗಿಯೇ ಬಂತು, ಮಕ್ಕಳ ಆಸೆ ಆಸೆಯಾಗಿಯೇ ಬಂತು. ಮೇಷ್ಟ್ರ ಬಾಯಲ್ಲಿ ಕಷ್ಟವಾಗಿದ್ದ ಸಾಲುಗಳೇ ಇವು. ಹಸಿದವರ ಮನೆಗೆ ಒಂದು ರಾತ್ರಿ ಹೊಟ್ಟೆ ತುಂಬ ತಿನ್ನುವ ಭಾಗ್ಯ ಬಂದರೆ ಹೇಗಿರುತ್ತದೆ ಅನ್ನುವುದನ್ನು ಯಾರೂ ವಿವರಿಸಬೇಕಾಗಲಿಲ್ಲ. ಒಂದು ಪುಟದ ನಿಯಮ ಅವತ್ತು ಮುರಿಯಿತು, ಅವರು ಆ ಭಾಗ ಮುಗಿಯುವವರೆಗೂ ಓದಿದರು. ಮೇಷ್ಟ್ರು ಎದ್ದು ಬಂದು ಅವರ ಕೈ ಕುಲುಕಿದರು. ಆ ದಿನ 'ಒಡಲಾಳ'ಕ್ಕೆ ಸಾಲು ನಿಂತಿತು, 'ಕುಸುಮಬಾಲೆ'ಯನ್ನೂ ಅವರೇ ಓದಬೇಕು ಅಂತ ಎಲ್ಲರೂ ಹಠ ಹಿಡಿದರು.

ಅಲ್ಲಿಂದ ಮುಂದೆ ಒಂದು ಪದ್ಧತಿಯೇ ಆಯಿತು. ಯಾವ ಸೀಮೆಯ ಪುಸ್ತಕವೋ ಆ ಸೀಮೆಯವರು ಸಿಕ್ಕಿದರೆ ಅವರ ಕೈಯಲ್ಲೇ ಓದಿಸುವುದು. ವೈದೇಹಿಯವರ ಕತೆಗಳನ್ನು ಕುಂದಾಪುರದ ಕಡೆಯ ಸೊಸೆಯೊಬ್ಬಳು ಓದಿದಳು. ಅವಳು ಕೂಟಕ್ಕೆ ಬಂದಿದ್ದೇ ಅತ್ತೆಯ ಜೊತೆಗೆ, ಸುಮ್ಮನೆ ಕೂತಿರುತ್ತಿದ್ದಳು. ಊರಿನ ಮಾತು ಬಾಯಿಗೆ ಬಂದ ಕೂಡಲೇ ಮುಖವೇ ಬೇರೆಯಾಯಿತು. ಮನೆಯಲ್ಲಿ ಈ ಕನ್ನಡ ಆಡಿದರೆ ಎಲ್ಲರೂ ನಗುತ್ತಾರೆ ಅಂತ ಬಿಟ್ಟೇಬಿಟ್ಟಿದ್ದಳಂತೆ. ಇಲ್ಲಿ ಎಲ್ಲರೂ "ಇನ್ನೊಂದ್ಸಲ ಓದಮ್ಮ" ಅಂತ ಕೇಳಿದರು.

ಇನ್ನು ಯಾರಿಗೆ ಯಾವ ಪುಸ್ತಕ ಹೇಳುವುದು ಅನ್ನುವ ವಿಚಾರ. ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ನಮಗೆ ಇಷ್ಟವಾದದ್ದನ್ನು ಹೇಳುವುದಕ್ಕೆ ಮುಂಚೆ ಎದುರಿಗಿರುವವರನ್ನು ಎರಡು ಪ್ರಶ್ನೆ ಕೇಳಬೇಕು. ಈಚೆಗೆ ಏನು ಓದಿದಿರಿ, ಓದಿಲ್ಲ ಅಂದರೆ ಏನು ನೋಡಿದಿರಿ? ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಇಷ್ಟು ಸಾಕು. ಒಬ್ಬ ಸಾಫ್ಟ್‌ವೇರ್ ಹುಡುಗಿಗೆ ಯಾರೋ ಭೈರಪ್ಪನವರ 'ಪರ್ವ'ವನ್ನೇ ಮೊದಲು ಓದು ಅಂತ ಕೊಟ್ಟಿದ್ದರು. ಅದು 1979ರಲ್ಲಿ ಬಂದ ದೊಡ್ಡ ಕಾದಂಬರಿ, ಮಹಾಭಾರತವನ್ನು ಮನುಷ್ಯರ ಕತೆಯಾಗಿ ನೋಡುವ ಕೆಲಸ. ಪುಸ್ತಕದಲ್ಲಿ ಏನೂ ಕೊರತೆ ಇಲ್ಲ. ಆದರೆ ಅವಳಿಗೆ ಸಿಗುವುದು ಆಫೀಸಿಗೆ ಹೋಗಿಬರುವ ಕ್ಯಾಬಿನಲ್ಲಿ ಅರ್ಧ ಗಂಟೆ. ನಲವತ್ತು ಪುಟಕ್ಕೆ ನಿಲ್ಲಿಸಿ, ಕನ್ನಡ ಓದುವುದು ತನ್ನ ಕೈಲಾಗದ ಕೆಲಸ ಅಂತ ತೀರ್ಮಾನ ಮಾಡಿಕೊಂಡಿದ್ದಳು. ಅವಳಿಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಟ್ಟೆ. ಚಿಕ್ಕ ಪುಸ್ತಕ. ಬೆಂಗಳೂರಿನ ಒಂದು ಮನೆ, ಇದ್ದಕ್ಕಿದ್ದಂತೆ ಬಂದ ದುಡ್ಡು, ಕಾಫಿ ಹೌಸಿನಲ್ಲಿ ಕೂತು ಹೇಳಿಕೊಳ್ಳುವ ಮಗ. ಅಡುಗೆಮನೆಯಲ್ಲಿ ಇರುವೆ ಕಾಟ ಇರುವ ಹಳೇ ಬಾಡಿಗೆ ಮನೆಯ ಪುಟ ಓದಿದೆ. "ಆಂಟಿ, ಇದು ನಮ್ಮ ಮನೇನೇ" ಅಂದಳು. ಎರಡೇ ದಿನದಲ್ಲಿ ಮುಗಿಸಿ, ಕೊನೆಯಲ್ಲಿ ಏನಾಯ್ತು ಅಂತ ಚರ್ಚೆ ಮಾಡುವುದಕ್ಕೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದಳು. ಈಗ ವಸುಧೇಂದ್ರರ 'ತೇಜೋ ತುಂಗಭದ್ರಾ' ಓದುತ್ತಿದ್ದಾಳೆ, ಅದು ಏನು ಸಣ್ಣದಲ್ಲ. ಲಿಸ್ಬನ್‌ನಿಂದ ವಿಜಯನಗರದವರೆಗೆ ಹೋಗುವ ಕತೆ.

ಪಿಯುಸಿ ಓದುವ ಹುಡುಗರಿಗೆ ನನ್ನ ಮೊದಲ ಆಯ್ಕೆ 'ಮಹಾಪಲಾಯನ'. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡವರು ಗೋಬಿ ಮರುಭೂಮಿ ದಾಟಿ, ಹಿಮಾಲಯ ದಾಟಿ, ನಡೆದೇ ಭಾರತಕ್ಕೆ ಬರುವ ವೃತ್ತಾಂತ. ಅದನ್ನು ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ಮರುಭೂಮಿಯಲ್ಲಿ ನೀರಿಲ್ಲದೆ ನಡೆಯುವ ಪುಟ ಓದಿದರೆ ಯಾವ ಹುಡುಗನೂ ಪುಸ್ತಕ ಬಿಟ್ಟು ಹೋಗುವುದಿಲ್ಲ. ಅದರ ಹಿಂದೆಯೇ ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳ 'ಕಾಡಿನ ಕತೆಗಳು' ಕೊಟ್ಟರೆ ರಜೆ ಕಳೆಯುತ್ತದೆ.

ಟೈಲರಿಂಗ್ ಅಕ್ಕನಿಗೆ ಕೊಟ್ಟಿದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಬಾಲ್ಯದಲ್ಲೇ ವಿಧವೆಯಾದ ಹೆಂಗಸೊಬ್ಬಳ ದೀರ್ಘ ಬದುಕು. 1976ರ ಕಾದಂಬರಿ, ಆಮೇಲೆ ಪ್ರೇಮಾ ಕಾರಂತ ಸಿನಿಮಾ ಮಾಡಿದರು. ಅಕ್ಕ ಅದನ್ನು ಓದಿದ್ದು ಬೇಸರಪಟ್ಟುಕೊಂಡು, ಕಣ್ಣೊರೆಸಿಕೊಂಡು. ಆದರೆ ಅವರನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆಯೇ. 1917ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದಿದ್ದು 1963ರಲ್ಲಿ ಅಂತ ಮೇಷ್ಟ್ರು ಹೇಳಿದರು. ಅಕ್ಕ ಅಲ್ಲೇ ಬೆರಳಲ್ಲಿ ಲೆಕ್ಕ ಹಾಕಿದರು. "ಹಾಗಾದ್ರೆ ನಲವತ್ತೈದರ ಮೇಲೆ ಅಲ್ವಾ ಬರೆಯಕ್ಕೆ ಶುರು ಮಾಡಿದ್ದು?" ಅಂದರು. ಅವರಿಗೀಗ ನಲವತ್ಮೂರು. ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಏನೋ ಬರೆಯುತ್ತಿದ್ದಾರೆ, ಇನ್ನೂ ಯಾರಿಗೂ ತೋರಿಸಿಲ್ಲ.

ಎಲ್ಲ ಪುಸ್ತಕವನ್ನೂ ಎಲ್ಲ ಹೊತ್ತಿನಲ್ಲಿ ಕೊಡುವುದಕ್ಕೆ ಆಗುವುದಿಲ್ಲ. ತ್ರಿವೇಣಿಯವರ 'ಶರಪಂಜರ' ನನಗೆ ಬಹಳ ಪ್ರೀತಿಯ ಕಾದಂಬರಿ. ಪುಟ್ಟಣ್ಣನವರ 1971ರ ಸಿನಿಮಾ ಎಲ್ಲರೂ ನೋಡಿರುತ್ತಾರೆ, ಪುಸ್ತಕ ಓದಿದವರು ಕಡಿಮೆ. ಹೆರಿಗೆಯ ನಂತರ ಮನಸ್ಸಿನ ಸಮತೋಲನ ತಪ್ಪಿ, ಚಿಕಿತ್ಸೆ ಪಡೆದು ವಾಪಸ್ ಬಂದ ಕಾವೇರಿಯನ್ನು ಮನೆಯವರೂ ಊರಿನವರೂ ನೋಡುವ ಬಗೆ ಅದರಲ್ಲಿದೆ. ಒಬ್ಬ ತಾಯಿ ಬಂದು, ಬಾಣಂತನಕ್ಕೆ ಬಂದಿರುವ ಮಗಳು ಸದಾ ಮಂಕಾಗಿರುತ್ತಾಳೆ, ನಿದ್ದೆ ಮಾಡುವುದಿಲ್ಲ, ಅವಳಿಗೆ ಆ ಪುಸ್ತಕ ಕೊಡಲಾ ಅಂತ ಕೇಳಿದರು. ನಾನು ಕೊಡಲಿಲ್ಲ. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಪುಸ್ತಕ ನೀವು ಓದಿ ಅಂದೆ. ಅವರು ಎರಡನ್ನೂ ಮಾಡಿದರು. ಆ ಕಾದಂಬರಿಯನ್ನು ನಿಜವಾಗಿ ಓದಬೇಕಾದವರು ಮನೆಯವರು. ಗಂಡ, ಅತ್ತೆ, ಅಮ್ಮ, ಪಕ್ಕದ ಮನೆಯವರು. ತ್ರಿವೇಣಿ ಇದ್ದಿದ್ದು ಇದೇ ಮೈಸೂರಿನಲ್ಲಿ, ತೀರಿಕೊಂಡಿದ್ದು 1963ರಲ್ಲಿ, ಇನ್ನೂ ನಲವತ್ತೂ ತುಂಬದ ವಯಸ್ಸು. ಅಷ್ಟರೊಳಗೆ ಹೆಂಗಸರ ಮನಸ್ಸಿನ ಬಗ್ಗೆ ಅವರು ಬರೆದಷ್ಟು ಧೈರ್ಯವಾಗಿ ಆ ಕಾಲದಲ್ಲಿ ಬರೆದವರು ಅಪರೂಪ ಅಂತಲೇ ನನ್ನ ನಂಬಿಕೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ವಿಚಾರಕ್ಕೆ ಬಂದರೆ, ಅದನ್ನು ಒಬ್ಬರಿಗೆ ಕೊಟ್ಟು ಓದಿ ಅಂದರೆ ಬಹಳ ಸಲ ಅರ್ಧದಲ್ಲಿ ನಿಂತುಹೋಗುತ್ತದೆ. ಅಷ್ಟು ಊರು, ಅಷ್ಟು ಮನೆತನ, ಅಷ್ಟು ಹೆಸರು. ನಾವು ಅದನ್ನು ಜೊತೆಯಾಗಿ ಓದಿದೆವು. ದೊಡ್ಡ ಡ್ರಾಯಿಂಗ್ ಶೀಟ್ ತಂದು, ಯಾರು ಯಾವ ಮನೆಯವರು, ಯಾರಿಗೆ ಯಾರ ಮೇಲೆ ಮನಸ್ಸು, ಯಾವ ಊರಿನಿಂದ ಯಾವ ಊರಿಗೆ ಕಾಲುದಾರಿ ಅಂತ ಓದುತ್ತಾ ಓದುತ್ತಾ ಗೀಚಿದೆವು. ಗುತ್ತಿ ಮತ್ತು ಅವನ ನಾಯಿ 'ಹುಲಿಯ' ನಡೆದ ದಾರಿಗೆ ಕೆಂಪು ಬಣ್ಣ. ಐತ-ಪೀಂಚಲುಗೆ ಹಸಿರು. ಮುಕುಂದಯ್ಯ-ಚಿನ್ನಮ್ಮರಿಗೆ ನೀಲಿ. ಹಾಳೆ ಸಾಲದೆ ಇನ್ನೊಂದು ಅಂಟಿಸಬೇಕಾಯಿತು. ಇಷ್ಟು ಮಾಡಿದ ಮೇಲೆ ಯಾರೂ ದಾರಿ ತಪ್ಪಲಿಲ್ಲ. ನಮ್ಮಲ್ಲಿ ಒಬ್ಬರು 2010ರಲ್ಲಿ ರಂಗಾಯಣದಲ್ಲಿ ಈ ಕಾದಂಬರಿಯ ಅಹೋರಾತ್ರಿ ನಾಟಕ ನೋಡಿದ್ದರು, ಬೆಳಗಾಗುವವರೆಗೂ ಕೂತು. ಅವರು ಅದರ ನೆನಪು ಹೇಳುತ್ತಿದ್ದರೆ ನೋಡದ ನಮಗೆಲ್ಲ ಹೊಟ್ಟೆಕಿಚ್ಚು. 1967ರಲ್ಲಿ ಬಂದ ಈ ಕಾದಂಬರಿಯನ್ನು ಓದುವುದಕ್ಕೆ ಕನ್ನಡ ಬಂದರಷ್ಟೇ ಸಾಲದು, ಜೊತೆಗೆ ನಾಲ್ಕು ಜನ ಇದ್ದರೆ ಒಳ್ಳೆಯದು.

ವ್ಯವಹಾರದ ಮಾತೂ ಸ್ವಲ್ಪ ಹೇಳಬೇಕು. ಪುಸ್ತಕ ಕೊಟ್ಟರೆ ವಾಪಸ್ ಬರುವುದಿಲ್ಲ ಅನ್ನುವ ದೂರು ಎಲ್ಲ ಕಡೆಯೂ ಇದೆ. ನಾವು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಪುಸ್ತಕ, ಕೊಟ್ಟವರು, ತಗೊಂಡವರು, ತಾರೀಖು. ಕೇಳುವುದಕ್ಕೆ ಸಂಕೋಚ ಇರುವವರ ಪರವಾಗಿ ಕಂಡಕ್ಟರ್ ಸಾರ್ ಕೇಳುತ್ತಾರೆ, ಅವರಿಗೆ ಚಿಲ್ಲರೆ ಬಾಕಿ ನೆನಪಿಟ್ಟು ಅಭ್ಯಾಸ. ಹೊಸದು ಕೊಳ್ಳುವುದಾದರೆ ನವೆಂಬರಿಗೆ ಕಾಯುತ್ತೇವೆ, ರಾಜ್ಯೋತ್ಸವದ ರಿಯಾಯಿತಿ ಸಿಗುತ್ತದೆ. ಎಲ್ಲರೂ ಒಂದೇ ಪುಸ್ತಕ ಕೊಳ್ಳದೆ ಬೇರೆ ಬೇರೆ ಕೊಂಡರೆ ಎಲ್ಲರಿಗೂ ಎಲ್ಲವೂ ಓದಲು ಸಿಗುತ್ತದೆ. ಅಚ್ಚಿನಲ್ಲಿಲ್ಲದ ಪುಸ್ತಕಕ್ಕೆ ಸಾರ್ವಜನಿಕ ಗ್ರಂಥಾಲಯವೇ ಗತಿ. ಆಸ್ತಿ ತೆರಿಗೆಯ ಜೊತೆ ಶೇಕಡಾ 6 ಗ್ರಂಥಾಲಯ ಕರ ಅಂತ ನಾವೇ ಕಟ್ಟುತ್ತೇವೆ, ಆದರೂ ಒಳಗೆ ಕಾಲಿಡದವರು ಎಷ್ಟೋ ಜನ. ಹೋಗಿ ಸದಸ್ಯರಾಗಿ ಅಂತ ಎಲ್ಲರಿಗೂ ಹೇಳುತ್ತೇನೆ. ಹಳೆಯ ಕಾದಂಬರಿಗಳು ಬೀರುವಿನ ಕೆಳಗಿನ ಅರೆಯಲ್ಲಿ ಇರುತ್ತವೆ, ಬಗ್ಗಿ ಹುಡುಕಬೇಕು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ 'ಹಾರ್ಟ್ ಲ್ಯಾಂಪ್'ಗೆ, ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಕೂಟದಲ್ಲಿ ಹಬ್ಬ. ಕನ್ನಡಕ್ಕೆ ಮೊದಲನೆಯದು, ಸಣ್ಣಕತೆಗಳ ಸಂಕಲನಕ್ಕೂ ಮೊದಲನೆಯದು. ಇಂಗ್ಲಿಷ್ ಪುಸ್ತಕವನ್ನೇ ಕೊಂಡು ತಂದವರು ಇದ್ದರು. ನಾನು ಹೇಳಿದ್ದು ಒಂದೇ, ಹಾಸನದ ಹೆಣ್ಣುಮಗಳು ಕನ್ನಡದಲ್ಲಿ ಬರೆದಿದ್ದು, ನಾವು ಮೊದಲು ಕನ್ನಡದಲ್ಲಿ ಓದೋಣ. 'ಎದೆಯ ಹಣತೆ' ಕತೆ ಓದಿದೆವು. ತವರಿನವರೇ ಗಂಡನ ಮನೆಗೆ ವಾಪಸ್ ಕಳಿಸುವ ಹೆಣ್ಣಿನ ಕತೆ. ಓದಿ ಮುಗಿದಾಗ ಟೈಲರಿಂಗ್ ಅಕ್ಕ, "ಇದು ಯಾವ ಜಾತೀಲಿ ಇಲ್ಲ ಹೇಳಿ?" ಅಂದರು. ಅವತ್ತಿನ ಚರ್ಚೆ ಬಿಸಿಲು ಏರುವವರೆಗೂ ನಡೆಯಿತು. ಮುಸ್ಲಿಂ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಅದಕ್ಕೂ ಮುಂಚೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಬಂದಿತ್ತು ಅಂತ ಮೇಷ್ಟ್ರು ನೆನಪಿಸಿದರು, ಮುಂದಿನ ತಿಂಗಳು ತಂದೂ ತಂದರು.

ಜಗಳಗಳೂ ಆಗುತ್ತವೆ. ಭೈರಪ್ಪನವರ ವಿಷಯಕ್ಕೆ, ಅನಂತಮೂರ್ತಿಯವರ ವಿಷಯಕ್ಕೆ ಆಗದೇ ಇರುವ ಓದುಗರ ಗುಂಪು ಮೈಸೂರಿನಲ್ಲಿ ಇದೆಯಾ? ಪುಸ್ತಕ ಓದಿದವರು ಮಾತ್ರ ಜಗಳ ಆಡಬಹುದು ಅಂತ ಅಜ್ಜಿ ತೀರ್ಪು ಕೊಟ್ಟಿದ್ದಾರೆ. ಅದರಿಂದ ಓದುವವರು ಹೆಚ್ಚಾದರು. ಐವತ್ತು ಪುಟ ಓದಿಯೂ ಮನಸ್ಸು ಹತ್ತದಿದ್ದರೆ ಬಿಟ್ಟುಬಿಡಿ, ಕೊಟ್ಟವರಿಗೆ ಬೇಜಾರಾಗುತ್ತದೆ ಅಂತ ಬಲವಂತಕ್ಕೆ ಓದಬೇಡಿ ಅಂತಲೂ ಮಾತಾಗಿದೆ. ನನಗೆ ಪ್ರಾಣವಾದ ಕಾರಂತರ 'ಬೆಟ್ಟದ ಜೀವ'ವನ್ನು ಒಬ್ಬ ಹುಡುಗ "ಏನೂ ನಡೆಯೋದೇ ಇಲ್ವಲ್ಲ" ಅಂತ ವಾಪಸ್ ಕೊಟ್ಟ. ಕೊಡಲಿ. ಗೋಪಾಲಯ್ಯ-ಶಂಕರಮ್ಮ ದಂಪತಿಯ ಮನೆಗೆ ಹೋಗುವ ಹೊತ್ತು ಅವನಿಗೂ ಬರುತ್ತದೆ.

ಹೋದ ಸಲ ಎಲೆಕ್ಟ್ರಿಷಿಯನ್ ಹುಡುಗ ಮೊದಲ ಸಲ ತಾನೇ ಒಂದು ಪುಸ್ತಕ ತಂದ. ಸಿದ್ಧಲಿಂಗಯ್ಯನವರ 'ಊರುಕೇರಿ'. ಆತ್ಮಕಥೆ ಅಂದ ಕೂಡಲೇ ಹಿರಿಯರೊಬ್ಬರು, "ನನಗೆ ಈ ಆತ್ಮಕಥೆಗಳು ಬೇಡಪ್ಪ, ಬರೀ ಅವರವರ ಹೊಗಳಿಕೆ" ಅಂದರು. ಹುಡುಗ ಏನೂ ಹೇಳದೆ ಶುರುವಿನ ಪುಟ ತೆರೆದ. ಎತ್ತುಗಳ ಜಾಗದಲ್ಲಿ ಮನುಷ್ಯರ ಹೆಗಲ ಮೇಲೆ ನೊಗ ಇಟ್ಟು ಉಳುತ್ತಿರುವುದನ್ನು ಪುಟ್ಟ ಹುಡುಗ ನೋಡುತ್ತಾನೆ, ಆ ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬ ಅವನ ಅಪ್ಪ. ಓದುತ್ತಾ ಅವನ ದನಿ ಒಂದು ಕಡೆ ತಡವರಿಸಿತು, ನಿಲ್ಲಿಸಲಿಲ್ಲ. ಆಮೇಲೆ ಇನ್ನೊಂದು ಪುಟ ತೆಗೆದು, ಶ್ರೀರಾಮಪುರದ ಸ್ಮಶಾನದಲ್ಲಿ ಕೂತು ಓದಿಕೊಳ್ಳುತ್ತಿದ್ದ ಕಾಲದ ಭಾಗ ಓದಿದ. ಅಲ್ಲಿ ಎಲ್ಲರೂ ನಕ್ಕರು. ಅಷ್ಟು ಕಷ್ಟದ ಬದುಕನ್ನು ಅಷ್ಟು ನಗಿಸುತ್ತಾ ಹೇಳಿದ್ದಾರೆ ಸಿದ್ಧಲಿಂಗಯ್ಯ. ನೋಟ್‌ಬುಕ್ಕಿನಲ್ಲಿ ಅವತ್ತು 'ಊರುಕೇರಿ'ಗೆ ಮೊದಲು ಹೆಸರು ಬರೆಸಿದ್ದು ಆತ್ಮಕಥೆ ಬೇಡ ಅಂದವರೇ. ಮುಂದಿನ ಸಲಕ್ಕೆ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ತರುತ್ತೇನೆ ಅಂತ ಮೇಷ್ಟ್ರು ಹೇಳಿದ್ದಾರೆ. ಓದುವವರು ಯಾರು ಅಂತ ಇನ್ನೂ ತೀರ್ಮಾನವಾಗಿಲ್ಲ, ವಿಜಯಪುರದ ಕಡೆಯವರು ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತಿದ್ದೇವೆ.